ಕುದುರೆಗೆ ನಾಲ ಕಟ್ಟುವ ಅವಧಿ: ಒಡೆಯನ ಎಣಿಕೆ ಮತ್ತು ನಾಲಬಂದನ ಎಣಿಕೆ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಕುದುರೆ ಸಾಕಿದವನಿಗೂ ಅದಕ್ಕೆ ನಾಲ ಕಟ್ಟುವ ನಾಲಬಂದನಿಗೂ ನಡುವೆ ಒಂದು ಹಳೆಯ ವಾದವುಂಟು. ನಾಲ ಕಟ್ಟಿ ಒಂದೂವರೆ ತಿಂಗಳಾಯಿತು, ಇನ್ನು ತೆಗೆಯಬೇಕು ಎಂದು ನಾಲಬಂದನು ಹೇಳುತ್ತಾನೆ. ಕಬ್ಬಿಣವು ಸವೆದಿಲ್ಲ, ಇನ್ನೆರಡು ತಿಂಗಳು ಬಾಳುತ್ತದೆ ಎಂದು ಒಡೆಯನು ವಾದಿಸುತ್ತಾನೆ. "ನಾಲ ಇನ್ನಾ ಗಟ್ಟಿ ಅದ ಚಾಚಾ, ಈಗ್ಯಾಕ ತಗೀಬೇಕು?" ಎಂದು ಒಬ್ಬನು, "ನಾಲ ನೋಡಬ್ಯಾಡ್ರಿ ಗೌಡ್ರ, ಗೊರಸ ನೋಡ್ರಿ" ಎಂದು ಇನ್ನೊಬ್ಬನು. ಮೇಲುನೋಟಕ್ಕೆ ಇದು ಕೂಲಿಯ ಜಗಳ. ಪ್ರತಿ ಸಲವೂ ಹಣ ಪಡೆಯುವವನೇ ಅವಧಿಯನ್ನೂ ನಿರ್ಣಯಿಸಿದರೆ ಕೊಡುವವನಿಗೆ ಸಂಶಯ ಹುಟ್ಟುವುದು ಸಹಜ. ಆದರೆ ವಿಚಾರಿಸಿ ನೋಡಿದರೆ, ಇಬ್ಬರೂ ಅಳೆಯುತ್ತಿರುವ ವಸ್ತುಗಳೇ ಬೇರೆ. ಒಬ್ಬನು ಕಬ್ಬಿಣದ ಸವೆತವನ್ನೂ ಇನ್ನೊಬ್ಬನು ಗೊರಸಿನ ಬೆಳವಣಿಗೆಯನ್ನೂ ಎಣಿಸುತ್ತಾನೆ. ಈ ಎರಡು ಎಣಿಕೆಗಳ ಸಂಬಂಧವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ದಕ್ಷಿಣದ ಜಿಲ್ಲೆಗಳಲ್ಲಿ 'ಲಾಳ' ಎನ್ನುವುದನ್ನೇ ಈ ಭಾಗದಲ್ಲಿ 'ನಾಲ' ಎನ್ನುತ್ತಾರೆ. ಪಾದರಕ್ಷೆ ಎಂಬ ಅರ್ಥದ ಅರಬ್ಬೀ ಶಬ್ದವು ಫಾರಸಿಯ ಮೂಲಕ ಇಲ್ಲಿಗೆ ಬಂದಿದೆ. ಅದನ್ನು ಬಂಧಿಸುವವನು ನಾಲಬಂದ. ಇದು ಇಂದಿಗೂ ಉತ್ತರ ಕರ್ನಾಟಕದ ಅನೇಕ ಮನೆತನಗಳ ಅಡ್ಡಹೆಸರಾಗಿ ಉಳಿದಿದೆ. ಖರ್ಚು ಯಾರದು ಎಂಬ ಪ್ರಶ್ನೆಯೂ ಹೊಸದಲ್ಲ. ಮರಾಠರ ಸೈನ್ಯದಲ್ಲಿ ಬಾರಗೀರನು ಸರಕಾರದ ಕುದುರೆಯನ್ನು ಏರುತ್ತಿದ್ದನು. ಸಿಲೇದಾರನು ತನ್ನ ಸ್ವಂತ ಕುದುರೆಯನ್ನು ತರುತ್ತಿದ್ದನು. ದಂಡು ಹೊರಡುವ ಮುನ್ನ ಸಿಲೇದಾರರಿಗೆ ಕೊಡುತ್ತಿದ್ದ ಮುಂಗಡ ಹಣಕ್ಕೆ 'ನಾಲಬಂದಿ' ಎಂದೇ ಹೆಸರಿತ್ತು. ಸುರಪುರದ ನಾಯಕ ಅರಸರ ಆಳಿಕೆಯು 1858ರ ಬಂಡಾಯದೊಂದಿಗೆ ಕೊನೆಗಂಡಿತು. ಕುದುರೆ ಮಾತ್ರ ಈ ಸೀಮೆಯ ದಾರಿಗಳಲ್ಲಿ ಬಹುಕಾಲ ಉಳಿಯಿತು.

ಇನ್ನು ಗೊರಸಿನ ರಚನೆಯನ್ನು ನೋಡೋಣ. ಗೊರಸಿನ ಹೊರಗೋಡೆಯು ನಮ್ಮ ಉಗುರಿನ ಜಾತಿಯದೇ ಆದ ವಸ್ತು. ಅದು ಕೂದಲಂಚಿನಿಂದ ಕೆಳಮುಖವಾಗಿ ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಮುಂಭಾಗದ ಗೋಡೆಯು ಪೂರ್ಣವಾಗಿ ಹೊಸದಾಗಲು 9ರಿಂದ 12 ತಿಂಗಳು ಹಿಡಿಯುತ್ತದೆ. ಬರಿಗಾಲಿನ ಕುದುರೆಯಲ್ಲಿ ಬೆಳೆದಷ್ಟೂ ನೆಲಕ್ಕೆ ತಿಕ್ಕಿ ಸವೆಯುತ್ತದೆ. ಬೆಳವಣಿಗೆ ಮತ್ತು ಸವೆತ ಸರಿದೂಗುತ್ತವೆ. ಸವೆತವು ಬೆಳವಣಿಗೆಯನ್ನು ಮೀರಿದಾಗ, ಅಂದರೆ ಕಲ್ಲುದಾರಿಯಲ್ಲಿ ದಿನವೂ ಭಾರ ಎಳೆಯಬೇಕಾದಾಗ, ನಾಲವು ಬೇಕಾಗುತ್ತದೆ. ಆದರೆ ನಾಲ ಬಿದ್ದ ಕ್ಷಣದಿಂದ ಗೋಡೆಯ ಸವೆತವು ಬಹುಮಟ್ಟಿಗೆ ನಿಲ್ಲುತ್ತದೆ, ಬೆಳವಣಿಗೆ ನಿಲ್ಲುವುದಿಲ್ಲ. ನಾಲದ ಉಪಕಾರವೂ ಅಪಾಯವೂ ಇದೊಂದೇ ಸಂಗತಿಯಲ್ಲಿ ಅಡಗಿವೆ.

ಬೆಳವಣಿಗೆಯ ಪರಿಣಾಮವು ಗೊರಸಿನ ಎಲ್ಲ ಕಡೆಯಲ್ಲಿಯೂ ಸಮವಾಗಿರುವುದಿಲ್ಲ. ಇಂಗ್ಲೆಂಡಿನ ಪಶುವೈದ್ಯ ಬ್ರೇಸಿ ಕ್ಲಾರ್ಕನು 1809ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗೊರಸು ಜಡವಾದ ಕೊಂಬಲ್ಲ, ಭಾರ ಬಿದ್ದಾಗ ಹಿಗ್ಗುವ ಸ್ಥಿತಿಸ್ಥಾಪಕ ಅಂಗವೆಂದು ಪ್ರತಿಪಾದಿಸಿದನು. ಹಿಗ್ಗುವುದು ಮುಖ್ಯವಾಗಿ ಹಿಮ್ಮಡಿಯ ಕಡೆ. ಅಲ್ಲಿ ಗೋಡೆಯು ಕಬ್ಬಿಣದ ಮೇಲೆಯೇ ಅಷ್ಟಿಷ್ಟು ತಿಕ್ಕಿ ಸವೆಯುತ್ತದೆ. ಮೊಳೆಗಳಿಂದ ಬಿಗಿದ ಮುಂಭಾಗ ಸವೆಯುವುದಿಲ್ಲ. ಆದಕಾರಣ ಕಾಲ ಕಳೆದಂತೆ ಗೊರಸಿನ ಮುಂತುದಿ ಉದ್ದವಾಗುತ್ತದೆ, ಹಿಮ್ಮಡಿ ತಗ್ಗುತ್ತದೆ, ನಾಲವು ಗೊರಸಿನೊಡನೆ ಮುಂದಕ್ಕೆ ಸರಿಯುತ್ತದೆ.

ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. ಸಣ್ಣ ದೇಶೀ ಕುದುರೆಯ ಗೊರಸಿನ ಮುಂಭಾಗದ ಉದ್ದ ಸುಮಾರು 75 ಮಿಲಿಮೀಟರ್ ಎಂದಿಟ್ಟುಕೊಂಡರೆ, ತಿಂಗಳಿಗೆ 8 ಮಿಲಿಮೀಟರಿನ ಬೆಳವಣಿಗೆಯಲ್ಲಿ ಒಂದೂವರೆ ತಿಂಗಳಿಗೆ 12 ಮಿಲಿಮೀಟರ್ ಹೆಚ್ಚುತ್ತದೆ. ಒಡೆಯನು ಕೇಳುವ ಇನ್ನೆರಡು ತಿಂಗಳನ್ನು ಕೂಡಿಸಿದರೆ ಹೆಚ್ಚಳವು 28 ಮಿಲಿಮೀಟರ್, ಅಂದರೆ ಮೂಲ ಉದ್ದದ ಮೂರನೆಯ ಒಂದು ಪಾಲಿಗಿಂತಲೂ ಅಧಿಕ. ಅಷ್ಟು ಉದ್ದದ ತುದಿಯನ್ನು ಎತ್ತಿ ಮಗುಚುವಾಗ ಕಾಲಿನ ಹಿಂಬದಿಯ ಸ್ನಾಯುರಜ್ಜುಗಳ ಮೇಲೆ ಎಳೆತ ಹೆಚ್ಚುತ್ತದೆ, ಕುದುರೆ ಎಡವುತ್ತದೆ. ಮುಂದೆ ಸರಿದ ನಾಲದ ಹಿಂತುದಿಗಳು ಗೋಡೆಯನ್ನು ಬಿಟ್ಟು ಅಂಗಾಲನ್ನು ಒತ್ತುವುದರಿಂದ ಅಲ್ಲಿ ರಕ್ತ ಹೆಪ್ಪುಗಟ್ಟಿ ನೋವಾಗುತ್ತದೆ. ಇಷ್ಟೆಲ್ಲ ಆಗುವಾಗಲೂ ಕಬ್ಬಿಣವು ಗಟ್ಟಿಯಾಗಿಯೇ ಇರಬಹುದು. ನಾಲ ಉಳಿಸಿದ ಹಣಕ್ಕಿಂತ ಕುಂಟುವ ಕುದುರೆಯ ನಷ್ಟವೇ ದೊಡ್ಡದು.

ಹಾಗಾದರೆ ಒಡೆಯನು ಕಬ್ಬಿಣವನ್ನೇ ಏಕೆ ನೋಡುತ್ತಾನೆ? ಕಾರಣ ಎತ್ತಿನಲ್ಲಿದೆ. ಈ ಸೀಮೆಯಲ್ಲಿ ಎಂದಿಗೂ ಎತ್ತುಗಳೇ ಹೆಚ್ಚು, ಕುದುರೆಗಳು ಕಡಿಮೆ. ಸೀಳುಗೊರಸಿನ ಎತ್ತಿಗೆ ಕಾಲಿಗೆ ಎರಡರಂತೆ ಎಂಟು ನಾಲಗಳು. ಅವು ತೆಳುವಾದ ತಗಡುಗಳು. ಬಂಡಿ ಹೂಡಿ ಗಟ್ಟಿ ರಸ್ತೆಯ ಮೇಲೆ ನಡೆಸಿದರೆ ಬೇಗ ಸವೆದು ಬೀಳುತ್ತವೆ. ಗೊರಸು ಅತಿಯಾಗಿ ಬೆಳೆಯುವ ಮೊದಲೇ ತಗಡು ಮುಗಿಯುವುದರಿಂದ, ಸವೆದಾಗ ಬದಲಾಯಿಸು ಎಂಬ ನಿಯಮವು ಅಲ್ಲಿ ಸಾಕಾಗುತ್ತದೆ. ಆ ಅನುಭವವನ್ನೇ ಒಕ್ಕಲಿಗನು ಕುದುರೆಗೆ ಅನ್ವಯಿಸುತ್ತಾನೆ. ಅವನದು ಅಜ್ಞಾನವಲ್ಲ, ಒಂದೆಡೆ ಸರಿಯಾದ ಜ್ಞಾನವನ್ನು ಇನ್ನೊಂದೆಡೆಗೆ ಒಯ್ದದ್ದು.

ನೆಲ ಮತ್ತು ಋತುವಿನ ಪ್ರಭಾವವನ್ನೂ ಗಣಿಸತಕ್ಕದ್ದು. ಭೀಮಾ ಕೃಷ್ಣೆಗಳ ನಡುವಣ ಶಹಾಪುರ, ಸುರಪುರಗಳಲ್ಲಿ ಎರೆಭೂಮಿ ವಿಶೇಷ. ಮಳೆಗಾಲದಲ್ಲಿ ಆ ಕೆಸರು ಸಡಿಲವಾದ ನಾಲವನ್ನು ಹಿಡಿದು ಕಿತ್ತುಬಿಡುತ್ತದೆ. ಹಸಿರು ಮೇವಿನಿಂದ ಬೆಳವಣಿಗೆಯೂ ಚುರುಕಾಗುತ್ತದೆ. ಬೇಸಗೆಯಲ್ಲಿ ಗೊರಸು ಒಣಗಿ ಬಿರುಕುಬಿಟ್ಟು ಮೊಳೆಗಳ ಹಿಡಿತ ಸಡಿಲುತ್ತದೆ. ಆದುದರಿಂದ ವರ್ಷವಿಡೀ ಒಂದೇ ದಿನಸಂಖ್ಯೆ ಸಲ್ಲದು. ರೂಢಿಯಲ್ಲಿ ಆರು ವಾರಗಳು ಮಧ್ಯಮ ಪ್ರಮಾಣ. ನಾಲ್ಕರಿಂದ ಎಂಟು ವಾರಗಳು ಎಲ್ಲೆಗಳು.

ಒಡೆಯನ ವಾದದಲ್ಲಿ ಸತ್ಯಾಂಶವೂ ಉಂಟು. ಪ್ರತಿ ಸಲ ನಾಲ ಕಟ್ಟುವಾಗ ಗೋಡೆಯಲ್ಲಿ ಆರೆಂಟು ಹೊಸ ರಂಧ್ರಗಳಾಗುತ್ತವೆ. ಹಳೆಯ ರಂಧ್ರಗಳು ಕೆಳಗಿಳಿಯುವ ಮೊದಲೇ ಪುನಃ ಮೊಳೆ ಹೊಡೆದರೆ ಗೋಡೆಯು ಚಕ್ಕೆಯಾಗಿ ಮುರಿಯುತ್ತದೆ. ಆದ್ದರಿಂದ ಅತಿ ಬೇಗನೆ ಕಟ್ಟುವುದೂ ದೋಷವೇ. ಮೆತ್ತನೆಯ ಹೊಲದಾರಿಯಲ್ಲಿ ಮಾತ್ರ ನಡೆಯುವ ಗಟ್ಟಿ ಗೊರಸಿನ ಕುದುರೆಗೆ ನಾಲವೇ ಬೇಡವೆಂದರೂ ತಪ್ಪಾಗದು. ಮುಖ್ಯವಾಗಿ, ಸವೆಯದ ಕಬ್ಬಿಣವನ್ನು ಎಸೆಯಬೇಕಾಗಿಲ್ಲ. ನಾಲವನ್ನು ಬಿಚ್ಚಿ, ಗೊರಸನ್ನು ಕೊರೆದು, ಅದೇ ನಾಲವನ್ನು ಹೊಸ ಮೊಳೆಗಳಿಂದ ಮತ್ತೆ ಕಟ್ಟಬಹುದು. ಹಿಂದುಸ್ತಾನಿಯಲ್ಲಿ ಇದಕ್ಕೆ 'ಖೋಲಬಂದಿ' ಎಂಬ ಪ್ರತ್ಯೇಕ ಹೆಸರೇ ಇದೆ. ವಾದದ ಪರಿಹಾರವು ಈ ಹಳೆಯ ಶಬ್ದದಲ್ಲಿಯೇ ಇರುವಂತೆ ತೋರುತ್ತದೆ: ಅವಧಿಯನ್ನು ಗೊರಸು ನಿರ್ಣಯಿಸಲಿ, ಹೊಸ ಕಬ್ಬಿಣದ ಅಗತ್ಯವನ್ನು ಸವೆತ ನಿರ್ಣಯಿಸಲಿ.

ಈ ವಿವೇಚನೆ ಇಂದು ಹೆಚ್ಚು ಅವಶ್ಯವಾಗಿದೆ. ಬಾಡಿಗೆಯ ಟಾಂಗಾಗಳ ಕಾಲ ಹೋಯಿತು. ಈಗಿನ ಕುದುರೆಗಳಲ್ಲಿ ಮದುವೆಯ ಮೆರವಣಿಗೆಗೆ ಸಾಕಿದವೂ ಉಂಟು. ಅಂಥ ಕುದುರೆ ಬಹುದಿನ ಕಟ್ಟಿದಲ್ಲಿಯೇ ನಿಂತಿದ್ದು ಕೆಲವೇ ದಿನ ಡಾಂಬರಿನ ಮೇಲೆ ನಡೆಯುತ್ತದೆ. ಕಬ್ಬಿಣ ಸವೆಯುವುದೇ ಇಲ್ಲ. ಕೆಲಸವೇ ಮಾಡದ ಕುದುರೆಗೆ ನಾಲವೇಕೆ ಬಿಚ್ಚಬೇಕೆಂದು ಒಡೆಯನು ಕೇಳುತ್ತಾನೆ. ಆದರೆ ನಿಂತ ಕುದುರೆಯ ಗೊರಸೂ ಬೆಳೆಯುತ್ತಲೇ ಇರುತ್ತದೆ. ಕೆಲಸ ಕಡಿಮೆಯಾದಷ್ಟೂ ಕಬ್ಬಿಣವು ಒಡೆಯನನ್ನು ಹೆಚ್ಚು ಮೋಸಗೊಳಿಸುತ್ತದೆ.

ಆರು ವಾರಗಳೆಂದರೆ ಹೆಚ್ಚುಕಡಿಮೆ ಮೂರು ಪಕ್ಷ. ಈ ಅಮಾವಾಸ್ಯೆಗೆ ನಾಲ ಕಟ್ಟಿದರೆ, ಮುಂದಿನ ಅಮಾವಾಸ್ಯೆ ಕಳೆದು ಬರುವ ಹುಣ್ಣಿಮೆಗೆ ಗೊರಸನ್ನು ಪರೀಕ್ಷಿಸಬೇಕು. ಗೋಡೆಯ ಮೇಲೆ ಮಡಚಿದ ಮೊಳೆಯ ತುದಿಗಳು ಎದ್ದಿದ್ದರೆ, ಗೋಡೆಯು ನಾಲದ ಅಂಚನ್ನು ದಾಟಿ ಬೆಳೆದಿದ್ದರೆ, ನಾಲದ ಹಿಂತುದಿ ಹಿಮ್ಮಡಿಯೊಳಗೆ ಹೂತಿದ್ದರೆ, ನಡೆಯುವಾಗ ಕಬ್ಬಿಣ ಅಲುಗಿ ಸದ್ದಾದರೆ ತಡಮಾಡಬಾರದು. ಕೊರೆದು ಮರಳಿ ಕಟ್ಟುವುದಕ್ಕೆ ಒಂದು ಕೂಲಿ, ಹೊಸ ನಾಲಕ್ಕೆ ಬೇರೊಂದು ಬೆಲೆ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಒಡೆಯನ ಸಂಶಯಕ್ಕೂ ಎಡೆಯಿರದು, ನಾಲಬಂದನ ಮಾತಿಗೂ ಬೆಲೆ ಉಳಿಯುವುದು.