ಊರ ಕಾಳು ಊರಿಗೆ, ಬೆಳೆದವನ ಬೆಲೆ ಬೆಳೆದವನಿಗೆ

ಕೂಡಿ ಸಂಗ್ರಹಿಸುವ ಮತ್ತು ಕೂಡಿ ಮಾರುವ ಸಂಘಗಳ ವಿಷಯವಾಗಿ ಹಿಡುವಳಿದಾರರಿಗೂ ಊರ ಹಿರಿಯರಿಗೂ ತಿಳಿವಳಿಕೆ

ಪೀಠಿಕೆ

ಗದಗ ತಾಲೂಕಿನ ಕುರ್ತಕೋಟಿಯೂ ಅದರ ಸುತ್ತಣ ಹಳ್ಳಿಗಳೂ ಎರೆಭೂಮಿಯ ಸೀಮೆಗೆ ಸೇರಿದವು. ಮುಂಗಾರಿಯಲ್ಲಿ ಹೆಸರು, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿಗಳೂ, ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬಿ, ಗೋದಿಗಳೂ ಈ ಭೂಮಿಯಲ್ಲಿ ಬೆಳೆಯುವವು. ಹತ್ತಿಯಂತೂ ಈ ಸೀಮೆಯ ಹಳೆಯ ಬೆಳೆಯು. ಇಷ್ಟೆಲ್ಲ ಬೆಳೆಯುವ ನಾಡಿನಲ್ಲಿ ಸಣ್ಣ ರೈತನು ಸುಗ್ಗಿಯಲ್ಲಿ ತಾನು ಮಾರಿದ ಜೋಳವನ್ನೇ ಬೇಸಿಗೆ ಕಳೆಯುವುದರೊಳಗಾಗಿ ಹೆಚ್ಚಿನ ಬೆಲೆ ಕೊಟ್ಟು ಪೇಟೆಯಿಂದ ತರುವ ಪ್ರಸಂಗವು ಬರುವುದುಂಟು. ಬೆಳೆದವನಿಗೂ ಲಾಭವಿಲ್ಲ, ಉಣ್ಣುವವನಿಗೂ ಸವಿಯಿಲ್ಲ. ಇದಕ್ಕೆ ಭೂಮಿಯ ದೋಷವಾಗಲಿ ಮಳೆಯ ದೋಷವಾಗಲಿ ಯಾವಾಗಲೂ ಕಾರಣವಲ್ಲ. ಒಬ್ಬೊಬ್ಬನೇ ಮಾರುವುದೂ ಒಬ್ಬೊಬ್ಬನೇ ಸಾಲ ತರುವುದೂ ಮುಖ್ಯ ಕಾರಣಗಳು. ಇದರ ಪರಿಹಾರವು ದೂರದಲ್ಲಿಲ್ಲ. ಇದೇ ತಾಲೂಕಿನ ಕಣಗಿನಹಾಳದಲ್ಲಿ ನೂರು ವರ್ಷಗಳಿಗೂ ಹಿಂದೆಯೇ ಅದರ ಬೀಜವು ಬಿದ್ದಿರುತ್ತದೆ.

1. ನಷ್ಟವು ಬರುವ ದಾರಿಗಳು

ರೈತನ ಆದಾಯವು ನಾಲ್ಕು ದಾರಿಗಳಿಂದ ಸೋರಿಹೋಗುತ್ತದೆ. ಮೊದಲನೆಯದು ಕಾಲದ ದೋಷವು. ರಾಶಿಯಾದ ಕೂಡಲೆ ಎಲ್ಲರೂ ಒಮ್ಮೆಗೇ ಪೇಟೆಗೆ ಚಕ್ಕಡಿ ಹೂಡಿದರೆ ಬೆಲೆಯು ಇಳಿಯದೆ ಇರದು. ಎರಡನೆಯದು ಸಾಲದ ಕಟ್ಟು. ಬಿತ್ತುವಾಗ ಹಣ ಕೊಟ್ಟ ಸಾವುಕಾರನ ಅಡತಿ ಅಂಗಡಿಗೇ ಮಾಲು ಹೋಗಬೇಕೆಂಬ ಕರಾರು ಬಾಯಿಮಾತಿನದಾಗಿದ್ದರೂ ಅದನ್ನು ಮೀರುವುದು ಬಡವನಿಂದಾಗದು. ಮೂರನೆಯದು ತೂಕ ಮತ್ತು ಕಡತ. ಪೂರ್ವದಲ್ಲಿ ಪೇಟೆಗಳಲ್ಲಿ ವರ್ತಕರು ವಸ್ತ್ರದ ಮರೆಯಲ್ಲಿ ಬೆರಳು ಮುಟ್ಟಿ ಬೆಲೆ ಗೊತ್ತುಮಾಡುವ ಪದ್ಧತಿಯಿದ್ದಿತು. ಮಾಲಿನ ಒಡೆಯನು ಎದುರಿಗೇ ನಿಂತಿದ್ದರೂ ಅವನಿಗೆ ಬೆಲೆಯು ತಿಳಿಯುತ್ತಿರಲಿಲ್ಲ. ನಾಲ್ಕನೆಯದು ರೈತನ ಸ್ವಂತ ದೋಷವು. ಹಸಿಯಾದ, ಮಣ್ಣು ಬೆರೆತ, ಜಾತಿ ಕಲಬೆರಕೆಯಾದ ಮಾಲನ್ನು ಒಯ್ದರೆ ಬೆಲೆ ಕಡಿಮೆ ಕೇಳಲು ಕೊಳ್ಳುವವನಿಗೆ ನೆಪವು ದೊರೆಯುತ್ತದೆ.

ಮೂರನೆಯ ದೋಷದ ನಿವಾರಣೆಗಾಗಿ ಕಾಯಿದೆಗಳು ಹುಟ್ಟಿದವು. 1927ರಲ್ಲಿ ಮುಂಬಯಿ ಇಲಾಖೆಯಲ್ಲಿ ಹತ್ತಿ ಪೇಟೆಗಳ ಕಾಯಿದೆಯೂ, 1939ರಲ್ಲಿ ಎಲ್ಲ ಕೃಷಿ ಉತ್ಪನ್ನಗಳ ಪೇಟೆಗಳ ಕಾಯಿದೆಯೂ, ಏಕೀಕರಣದ ತರುವಾಯ 1966ರಲ್ಲಿ ಕರ್ನಾಟಕದ ಕಾಯಿದೆಯೂ ಆದವು. ಬಹಿರಂಗ ಲಿಲಾವು, ಸರಿಯಾದ ತೂಕ, ಲಿಖಿತ ಪಟ್ಟಿ ಇವು ರೈತನ ಹಕ್ಕುಗಳಾದವು. ಆದರೆ ಕಾಯಿದೆಯು ಬಾಗಿಲನ್ನು ತೆರೆಯಬಲ್ಲದು, ಒಳಗೆ ಕೈಹಿಡಿದು ನಡೆಸಲಾರದು. ಎರಡು ಚೀಲ ಮಾಲು ತಂದು ಸಂಜೆಯೊಳಗೆ ಊರಿಗೆ ಮರಳಬೇಕಾದ ಒಂಟಿ ರೈತನು ಯಾವ ಹಕ್ಕನ್ನು ಎಷ್ಟರಮಟ್ಟಿಗೆ ಸಾಧಿಸಿಯಾನು? ಅದೇ ಇನ್ನೂರು ಚೀಲಗಳ ಪರವಾಗಿ ಒಬ್ಬನೇ ಮಾತನಾಡಿದರೆ ಆ ಮಾತಿಗೆ ತೂಕವುಂಟು.

2. ಕಣಗಿನಹಾಳದ ಪತ್ತಿನ ಸಂಘವು

1904ರಲ್ಲಿ ಹಿಂದುಸ್ಥಾನ ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ನು ಮಾಡಿತು. ಒಂದೇ ಊರಿನ ಹತ್ತು ಜನ ಪ್ರೌಢರು ಕೂಡಿದರೆ ಸಂಘವನ್ನು ನೋಂದಾಯಿಸಬಹುದೆಂದೂ, ಗ್ರಾಮೀಣ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಒಕ್ಕಲುತನದವರಾಗಿರಬೇಕೆಂದೂ ಅದರ ಕಟ್ಟಳೆಯು. ಮರುವರ್ಷವೇ, ಅಂದರೆ 1905ರಲ್ಲಿ, ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಒಕ್ಕಲಿಗರ ಪತ್ತಿನ ಸಂಘವನ್ನು ಸ್ಥಾಪಿಸಿದರು. ಆ ಕಾಯಿದೆಯ ಪ್ರಕಾರ ಹುಟ್ಟಿದ ಕೃಷಿ ಪತ್ತಿನ ಸಂಘಗಳಲ್ಲಿ ದೇಶಕ್ಕೇ ಇದು ಮೊದಲನೆಯದೆಂಬ ಕೀರ್ತಿಯು ಆ ಸಣ್ಣ ಹಳ್ಳಿಗೆ ಬಂದಿರುತ್ತದೆ.

ಆಗಿನ ಗ್ರಾಮೀಣ ಸಂಘಗಳಲ್ಲಿ ಸಾಮಾನ್ಯವಾಗಿ ಹೊಣೆಗೆ ಮಿತಿಯಿರಲಿಲ್ಲ. ಸಂಘದ ಸಾಲವು ತೀರದೆ ಹೋದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಸ್ವಂತ ಆಸ್ತಿಯಿಂದ ಉತ್ತರ ಹೇಳಬೇಕಾಗುತ್ತಿದ್ದಿತು. ಇದು ಭಯಪಡಿಸುವ ಕಟ್ಟಳೆಯಾಗಿ ತೋರಬಹುದು. ಆದರೆ ಅದರ ಗುಣವು ಭಯದಲ್ಲಿಯೇ ಇದ್ದಿತು: ನೆರೆಯವನು ಸಾಲವನ್ನು ಎತ್ತು ಕೊಳ್ಳಲಿಕ್ಕೆ ಒಯ್ದನೋ ಮದುವೆಯ ಊಟಕ್ಕೆ ಒಯ್ದನೋ ಎಂಬುದನ್ನು ಎಲ್ಲರೂ ನೋಡುವಂತಾಯಿತು. ಮನುಷ್ಯನ ನಡತೆಯೇ ಅಡವಾಯಿತು. ಜರ್ಮನಿಯಲ್ಲಿ ರೈಫೈಸೆನ್ ಎಂಬ ಮಹನೀಯನು 19ನೆಯ ಶತಮಾನದಲ್ಲಿ ಹಳ್ಳಿಗಳಲ್ಲಿ ನಡೆಸಿದ ಸಂಘಗಳ ಮೂಲತತ್ತ್ವವೂ ಇದೇ ಆಗಿತ್ತು.

3. ಹತ್ತಿ ಮಾರಾಟದ ಸಂಘಗಳು

ಸಾಲವು ಅಗ್ಗವಾದ ಮಾತ್ರಕ್ಕೆ ಬೆಲೆಯು ನ್ಯಾಯವಾಗಲಿಲ್ಲ. 1912ರ ಎರಡನೆಯ ಕಾಯಿದೆಯು ಪತ್ತಿನ ಹೊರತಾದ ಕೆಲಸಗಳಿಗೂ, ಅಂದರೆ ಮಾರಾಟ ಮತ್ತು ಖರೀದಿಗಳಿಗೂ, ಸಂಘ ಕಟ್ಟಲು ಅವಕಾಶ ಕೊಟ್ಟಿತು. ಅದರ ಫಲವಾಗಿ 1915ರಲ್ಲಿ ಹುಬ್ಬಳ್ಳಿಯಲ್ಲಿಯೂ 1917ರಲ್ಲಿ ಗದಗಿನಲ್ಲಿಯೂ ಹತ್ತಿ ಮಾರಾಟದ ಸಂಘಗಳು ಹುಟ್ಟಿದವು.

ಧಾರವಾಡ ಸೀಮೆಯಲ್ಲಿ ಆಗ ಎರಡು ತರದ ಹತ್ತಿಯಿದ್ದಿತು: ನಾಡಿನದಾದ ಕುಮಟಾ ಹತ್ತಿ, ಮತ್ತು 19ನೆಯ ಶತಮಾನದ ನಡುವೆ ಹೊರಗಿನ ಬೀಜದಿಂದ ನೆಲೆಗೊಂಡ ಧಾರವಾಡ ಅಮೇರಿಕನ್ ಹತ್ತಿ. ಎರಡನ್ನೂ ಬೆರಸಿ, ನೀರು ಚಿಮುಕಿಸಿ ತೂಕ ಹೆಚ್ಚಿಸುವ ಚಟವು ವ್ಯಾಪಾರದಲ್ಲಿ ಬೆಳೆದು ಈ ನಾಡಿನ ಹತ್ತಿಗೆ ಕೆಟ್ಟ ಹೆಸರು ತಂದಿತು. ಮುಂಬಯಿ ಇಲಾಖೆಯಲ್ಲಿ ಹತ್ತಿಯ ಮೋಸಗಳನ್ನು ತಡೆಯುವುದಕ್ಕಾಗಿಯೇ 1863ರಷ್ಟು ಹಿಂದೆ ಕಾಯಿದೆಯಾಗಿತ್ತು. ಆದರೂ ಶುದ್ಧವಾಗಿ ಬೆಳೆದವನಿಗೂ ಬೆರಸಿ ತಂದವನಿಗೂ ಒಂದೇ ಬೆಲೆಯೆಂದ ಮೇಲೆ ಶುದ್ಧವಾಗಿ ಬೆಳೆಯುವವರು ಯಾರು? ದಂಡದಿಂದ ಹೋಗದ ದೋಷವು ಬೆಲೆಯಿಂದ ಹೋಗಬೇಕಾಗಿತ್ತು.

ಮಾರಾಟದ ಸಂಘದ ಕ್ರಮವು ಸರಳವಾದುದು. ಸದಸ್ಯರಿಗೆ ಒಂದೇ ಜಾತಿಯ ಒಳ್ಳೆಯ ಬೀಜವನ್ನು ಒದಗಿಸುವುದು. ತಂದ ಅಂಡಿಗೆಗಳನ್ನು ಎದುರಿಗೇ ತೂಗಿ ತರಗತಿ ಗೊತ್ತುಪಡಿಸುವುದು. ಅವಸರವುಳ್ಳವನಿಗೆ ಮಾಲಿನ ಮೇಲೆ ಮುಂಗಡ ಕೊಟ್ಟು ಅಗ್ಗದ ದಿನದಲ್ಲಿ ಮಾರುವ ಸಂಕಟವನ್ನು ತಪ್ಪಿಸುವುದು. ಬಹಿರಂಗವಾಗಿ ಲಿಲಾವು ಹಾಕಿ, ಗೊತ್ತಾದ ಕಮಿಶನ್ನು ಮಾತ್ರ ಹಿಡಿದು, ಉಳಿದ ಹಣವನ್ನು ಪಟ್ಟಿಸಹಿತ ಕೊಡುವುದು. ವರ್ಷದ ಕೊನೆಗೆ ಉಳಿದ ಲಾಭವು ಸದಸ್ಯರದೇ. ಮುಂದೆ ಕುರ್ತಕೋಟಿಗೆ ಸಮೀಪದ ಹುಲಕೋಟಿಯಲ್ಲಿ ಸಹಕಾರಿ ನೂಲಿನ ಗಿರಣಿಯೂ ಸ್ಥಾಪಿತವಾಗಿ, ಮಾರುವುದರಿಂದ ಮಾಲು ತಯಾರಿಸುವುದರವರೆಗೆ ಸಹಕಾರವು ಹೆಜ್ಜೆಯಿಟ್ಟಿತು.

4. ಊರ ಹಗೇವು

ಹತ್ತಿಯನ್ನು ಮಾರಬಹುದು, ಉಣ್ಣಲಾಗದು. ಆದುದರಿಂದ ಮಾರಾಟದ ಸಂಘದ ಜೊತೆಗೆ ಕಾಳಿನ ಸಂಗ್ರಹವೂ ಅವಶ್ಯಕವು. ಹಿರಿಯರು ಜೋಳವನ್ನು ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಬಿರುಕು ಬಿಡುವ ಎರೆಯನ್ನು ಬಿಟ್ಟು, ನೀರು ನಿಲ್ಲದ ಗಟ್ಟಿ ನೆಲದಲ್ಲಿ, ಬಾಯಿ ಸಣ್ಣದಾಗಿಯೂ ಹೊಟ್ಟೆ ದೊಡ್ಡದಾಗಿಯೂ ಅಗೆದು, ಒಳಗೆ ಒಣಹುಲ್ಲನ್ನು ಒತ್ತಾಗಿ ಹಾಸಿ, ಚೆನ್ನಾಗಿ ಒಣಗಿದ ಕಾಳನ್ನು ತುಂಬಿ, ಚಪ್ಪಡಿ ಮುಚ್ಚಿ ಮಣ್ಣಿನಿಂದ ಮೆತ್ತುವುದು ಅದರ ಕ್ರಮವು. ಒಳಗೆ ಗಾಳಿಯು ತೀರಿಹೋಗುವುದರಿಂದ ಹುಳವು ಬದುಕಲಾರದು.

ಆದರೆ ಹುಳವನ್ನು ಕೊಲ್ಲುವ ಗಾಳಿಯು ಮನುಷ್ಯನನ್ನೂ ಕೊಲ್ಲುವುದು. ಹಗೇವಿನ ಬಾಯಿ ತೆರೆದ ಕೂಡಲೆ ಯಾರನ್ನೂ ಇಳಿಸಕೂಡದು. ಬಹಳ ಹೊತ್ತು ತೆರೆದಿಟ್ಟು ಗಾಳಿಯಾಡಿಸಿ, ದೀಪವನ್ನು ಇಳಿಬಿಟ್ಟು ನೋಡಬೇಕು. ಆರಿದರೆ ಇಳಿಯುವ ಮಾತೇ ಸಲ್ಲದು. ಆರದಿದ್ದರೂ ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ಹಿಡಿದಿರತಕ್ಕದ್ದು. ಅಲ್ಲದೆ ಹಗೇವಿನ ಕಾಳು ಊಟಕ್ಕೆ ಮಾತ್ರ ಯೋಗ್ಯವು, ಮೊಳೆಯುವ ಶಕ್ತಿಯು ಅದರಲ್ಲಿ ಉಳಿಯುವುದೆಂಬ ನಂಬಿಕೆಯಿಲ್ಲ. ಬೀಜದ ಕಾಳನ್ನು ಬೂದಿ, ಬೇವಿನೆಲೆಗಳೊಡನೆ ಬೇರೆಯಾಗಿಯೇ ಇಡಬೇಕು. ಹಗೇವು ತೆಗೆಯಲು ನೆಲವು ಒಗ್ಗದ ಊರಿನಲ್ಲಿ ಒಣ ಉಗ್ರಾಣವೇ ಸಾಕು.

ಇಂಥ ಸಂಗ್ರಹದ ಲಾಭವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಉದಾಹರಣೆಗೆ, ಒಬ್ಬ ಕೂಲಿಕಾರನು ಮಳೆಗಾಲದಲ್ಲಿ 100 ಸೇರು ಜೋಳವನ್ನು ಸವಾಯಿಯ ಮೇಲೆ ತಂದರೆ ಸುಗ್ಗಿಗೆ 125 ಸೇರು ಅಳೆಯಬೇಕು. ಬೆಳೆ ಕೆಟ್ಟು ಕೊಡಲಾಗದಿದ್ದರೆ ಎರಡನೆಯ ಸುಗ್ಗಿಗೆ ಅದು 156 ಸೇರನ್ನು ಮೀರುವುದು. ಮೂರನೆಯದಕ್ಕೆ ಸುಮಾರು 195 ಸೇರಾಗುವುದು. ಊರಿನ ಸಂಘವು 100 ಸೇರಿಗೆ 110 ಸೇರು ಮಾತ್ರ ತೆಗೆದುಕೊಂಡು, ಕೆಟ್ಟ ವರ್ಷದಲ್ಲಿ ಹೆಚ್ಚಿನ ಹತ್ತು ಸೇರನ್ನು ಬಿಟ್ಟುಕೊಟ್ಟರೂ, ಒಳ್ಳೆಯ ವರ್ಷಗಳಲ್ಲಿ ಸಂಗ್ರಹವು ಬೆಳೆಯುತ್ತಲೇ ಹೋಗುವುದು. ಕೂಲಿಕಾರನು ಊರು ಬಿಡುವ ಪ್ರಸಂಗವೂ ಕಡಿಮೆಯಾಗುವುದು.

ಉಳಿದ ಕಾಳಿಗೆ ಮೊದಲನೆಯ ಗಿರಾಕಿಯು ಹತ್ತಿರದವನೇ ಆಗಿರಲಿ. ಗದಗ ಬೆಟಗೇರಿಯ ಖಾನಾವಳಿಗಳಿಗೆ ರೊಟ್ಟಿಯ ಜೋಳ ಬೇಕು. ಮನೆಮನೆಗೆ ಬೇಳೆ, ಕುಸುಬಿ ಎಣ್ಣೆ ಬೇಕು. ಒಂದೇ ಜಾತಿಯ, ಕಲ್ಲು ಮಣ್ಣಿಲ್ಲದ, ತುಂಬಿದ ತೂಕದ ಮಾಲನ್ನು ಸಂಘದ ಹೆಸರಿನಿಂದ ತಪ್ಪದೆ ಒದಗಿಸಿದರೆ ನಡುವಿನ ಕೈಗಳು ಕಡಿಮೆಯಾಗಿ ಎರಡು ಕಡೆಯವರಿಗೂ ಹಿತವಾಗುವುದು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ 28 ಜನರು ಕೂಡಿ ಹಿಟ್ಟು, ಬೆಣ್ಣೆ, ಸಕ್ಕರೆಗಳ ಸಣ್ಣ ಅಂಗಡಿ ತೆರೆದಾಗ ಅವರು ಹಿಡಿದ ವ್ರತವೂ ಇದೇ: ಶುದ್ಧ ಮಾಲು, ಸರಿಯಾದ ತೂಕ.

5. ಸಂಘಗಳು ಕೆಡುವ ಕಾರಣಗಳು

ಸಂಘ ಕಟ್ಟುವುದಕ್ಕಿಂತ ಉಳಿಸುವುದು ಕಠಿಣವು. 1929ರ ತರುವಾಯ ಬೆಲೆಗಳು ಕುಸಿದಾಗ ಅನೇಕ ಸಂಘಗಳಲ್ಲಿ ಬಾಕಿಯು ಏರಿ ಕೆಲಸವು ನಿಂತುಹೋಯಿತು. ಬೆಲೆಯ ಇಳಿತವು ದೈವಾಧೀನವೆನ್ನಬಹುದು. ಆದರೆ ಕೆಳಗಿನ ದೋಷಗಳು ಮನುಷ್ಯಾಧೀನವು.

ಒಂದು: ಊರ ದೊಡ್ಡವರೇ ದೊಡ್ಡ ಸಾಲ ತೆಗೆದುಕೊಂಡು ತೀರಿಸದಿರುವುದು. ದೊಡ್ಡವನ ಬಾಕಿಯನ್ನು ಕೇಳುವ ಧೈರ್ಯವು ಕಾರ್ಯದರ್ಶಿಗಿರದು; ಅವನನ್ನು ನೋಡಿ ಸಣ್ಣವನೂ ಕೊಡನು.

ಎರಡು: ಬೇರೆ ಅಂಗಡಿಯಲ್ಲಿ ಒಂದು ದಿನ ನಾಲ್ಕು ರೂಪಾಯಿ ಹೆಚ್ಚು ಸಿಕ್ಕಿತೆಂದು ಸದಸ್ಯನು ಸಂಘವನ್ನು ಬಿಟ್ಟು ಮಾರುವುದು. ಸಂಘವನ್ನು ಮುರಿಯಬಯಸುವವನು ಮೊದಲು ಒಂದು ವರ್ಷ ಹೆಚ್ಚು ಬೆಲೆಯನ್ನೇ ಕೊಡುವನು. ಸಂಘವು ಮುರಿದ ಮೇಲೆ ಅದನ್ನು ಬಡ್ಡಿಸಹಿತ ವಸೂಲುಮಾಡುವನು.

ಮೂರು: ಒಂದೇ ಓಣಿಯವರು, ಒಂದೇ ಪಕ್ಷದವರು ಸಂಘವನ್ನು ತಮ್ಮದಾಗಿ ಮಾಡಿಕೊಳ್ಳುವುದು. ಭೂಮಿಯಿಲ್ಲದವರೂ ಹೆಂಗಸರೂ ಕಾಳಿನ ಸಂಘದಲ್ಲಿ ಸದಸ್ಯರಾಗಿರತಕ್ಕದ್ದು. ಬೇಸಿಗೆಯಲ್ಲಿ ಯಾವ ಮನೆಯ ಗಡಿಗೆ ಬರಿದಾಗಿದೆಯೆಂಬುದು ಹೆಂಗಸರಿಗೆ ತಿಳಿದಷ್ಟು ಪಂಚರಿಗೆ ತಿಳಿಯದು.

ನಾಲ್ಕು: ಲೆಕ್ಕವು ಮರೆಯಲ್ಲಿರುವುದು. ತಿಂಗಳಿಗೊಮ್ಮೆ ಲೆಕ್ಕವನ್ನು ಚಾವಡಿಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಬೇಕು.

6. ಪ್ರಾರಂಭಿಸುವ ಕ್ರಮ

ಮೊದಲಿಗೇ ದೊಡ್ಡ ಕಟ್ಟಡವೂ ಬೇಡ, ಹತ್ತು ಬಗೆಯ ಮಾಲೂ ಬೇಡ. ಒಂದೇ ಬೆಳೆಯನ್ನು, ಕಡಲೆಯನ್ನೋ ಜೋಳವನ್ನೋ, ಆರಿಸಿಕೊಂಡು ಒಬ್ಬರನ್ನೊಬ್ಬರು ಬಲ್ಲ ಹದಿನೈದಿಪ್ಪತ್ತು ಮನೆಯವರು ಕೂಡಿದರೆ ಸಾಕು. ಒಂದೇ ಬೀಜ, ಒಂದೇ ಜರಡಿ, ಒಂದೇ ತಕ್ಕಡಿ ಎಂಬ ನಿಯಮವನ್ನು ಒಂದು ಸುಗ್ಗಿ ನಡೆಸಿ ನೋಡಿದ ಬಳಿಕ ನೋಂದಣಿಯ ವಿಚಾರವನ್ನು ಎತ್ತಿಕೊಳ್ಳಬಹುದು. ಕರ್ನಾಟಕದಲ್ಲಿ 1959ರ ಸಹಕಾರ ಸಂಘಗಳ ಕಾಯಿದೆ ಮತ್ತು 1997ರ ಸೌಹಾರ್ದ ಸಹಕಾರಿ ಕಾಯಿದೆ, ಇವೆರಡೂ ಇದಕ್ಕೆ ದಾರಿಗಳು. ಹತ್ತು ಜನ ಬೆಳೆಗಾರರು ಕೂಡಿ ಉತ್ಪಾದಕರ ಕಂಪನಿ ಕಟ್ಟುವುದಕ್ಕೂ 2002ರಿಂದ ಅವಕಾಶವಾಗಿದೆ. ಊರಿನಲ್ಲಿ ಪತ್ತಿನ ಸಂಘವು ಮೊದಲೇ ಇದ್ದರೆ ಹೊಸದನ್ನು ಹುಟ್ಟಿಸುವುದಕ್ಕಿಂತ ಅದನ್ನೇ ಸರಿಪಡಿಸುವುದು ಲೇಸು. ಹೆಸರು, ಕಡಲೆಗಳ ಬೆಂಬಲ ಬೆಲೆಯ ಖರೀದಿಯು ಅಂಥ ಸಂಘಗಳ ಮೂಲಕವೇ ನಡೆದದ್ದುಂಟು. ಸಂಘವು ಸತ್ತ ಊರಿನ ರೈತನು ಪರ ಊರಿನ ಬಾಗಿಲಲ್ಲಿ ಸಾಲುನಿಲ್ಲಬೇಕಾಗುತ್ತದೆ.

ಹಿರಿಯರು ಮಾಡತಕ್ಕದ್ದು

ಊರಿನ ಗೌಡರೂ ದೊಡ್ಡ ಹಿಡುವಳಿದಾರರೂ ಸಂಘವಿಲ್ಲದೆಯೂ ತಮ್ಮ ಮಾಲನ್ನು ಮಾರಿಕೊಳ್ಳಬಲ್ಲರು. ಅವರಿಗೆ ಉಗ್ರಾಣವುಂಟು, ಕಾಯುವ ಶಕ್ತಿಯುಂಟು. ಆದುದರಿಂದಲೇ ಅವರು ಮುಂದೆ ಬರಬೇಕು. ಕಣಗಿನಹಾಳದ ಗೌಡರು ಹಾಗೆ ಮುಂದೆ ಬಂದುದರಿಂದ ಆ ಊರಿನ ಹೆಸರು ಉಳಿಯಿತು. ಹಿರಿಯನು ತನ್ನ ಮೊದಲ ಚೀಲವನ್ನು ಸಂಘದ ತಕ್ಕಡಿಗೆ ಇಟ್ಟು, ತನ್ನ ಸಾಲವನ್ನು ಎಲ್ಲರಿಗಿಂತ ಮೊದಲು ತೀರಿಸಿದರೆ ಬೇರೆ ಉಪದೇಶವು ಬೇಕಾಗಿಲ್ಲ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಬರುವ ಹಿಂಗಾರಿಯ ರಾಶಿಗೆ ಮೊದಲು ಚಾವಡಿಯಲ್ಲಿ ಒಂದು ಸಂಜೆ ಕೂಡಿ, ಯಾವ ಬೆಳೆ, ಯಾರ ತಕ್ಕಡಿ, ಯಾರ ಲೆಕ್ಕ ಎಂಬ ಮೂರನ್ನು ಗೊತ್ತುಮಾಡಿಕೊಂಡರೆ ಕೆಲಸಕ್ಕೆ ಆರಂಭವಾದಂತೆಯೇ ಸರಿ.