ಬರ್ಲಿನ್‌ನಲ್ಲಿ ಮೊದಲ ಮೂರು ತಿಂಗಳು ಎಲ್ಲಿರಬೇಕು?

ಬೆಂಗಳೂರಿನಲ್ಲಿ ಕೂತು ಬರ್ಲಿನ್‌ನಲ್ಲಿ ಕಾಯಂ ಬಾಡಿಗೆ ಮನೆ ಹುಡುಕುವುದು ಬರೀ ಹೊತ್ತು ಹಾಳು. ಆಫರ್ ಲೆಟರ್ ಬಂದ ಖುಷಿಯಲ್ಲಿ ಬಹಳ ಜನ ಮೊದಲು ಮಾಡುವುದು ಮಾತ್ರ ಅದನ್ನೇ. ರಾತ್ರಿ ನಿದ್ದೆಗೆಟ್ಟು ಒಂದಾದ ಮೇಲೊಂದು ಮನೆಗೆ ಅರ್ಜಿ ಹಾಕುತ್ತಾರೆ, ಒಂದಕ್ಕೂ ಉತ್ತರ ಬರುವುದಿಲ್ಲ. ಬರ್ಲಿನ್ ಬಾಡಿಗೆದಾರರ ಊರು. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮನೆಗಳಲ್ಲಿ ಇರುವವರು ಬಾಡಿಗೆಯವರೇ. ಸೇರಿಕೊಂಡವರು ಸುಲಭಕ್ಕೆ ಬಿಟ್ಟು ಹೋಗುವುದೂ ಇಲ್ಲ. ಒಂದು ಮನೆ ಖಾಲಿಯಾಯಿತೆಂದರೆ ನೋಡಲು ಬಂದವರ ಸಾಲು ಮೆಟ್ಟಿಲಿಳಿದು ಬೀದಿವರೆಗೂ ಬರುತ್ತದೆ. ಸಾಲಿನಲ್ಲಿ ನಿಂತವರ ಕೈಯಲ್ಲಿ ಒಂದೊಂದು ಫೈಲು. ಅದರಲ್ಲಿ ಕಳೆದ ಮೂರು ತಿಂಗಳ ಸಂಬಳದ ಚೀಟಿ, ಸಾಲ-ಬಾಕಿಯ ಚರಿತ್ರೆ ತಿಳಿಸುವ ಶೂಫಾ ಪತ್ರ, ಬಾಡಿಗೆ ಬಾಕಿ ಉಳಿಸಿಲ್ಲವೆಂದು ಹಿಂದಿನ ಮನೆ ಮಾಲೀಕರು ಬರೆದುಕೊಟ್ಟ ಕಾಗದ. ಊರಿಗೇ ಕಾಲಿಡದವರ ಬಳಿ ಇವುಗಳಲ್ಲಿ ಯಾವುದಿರಲು ಸಾಧ್ಯ?

ಕಾಯಂ ಮನೆ ಸಿಗಬೇಕಾದರೆ ಸಂಬಳದ ಚೀಟಿ ಬೇಕು. ಸಂಬಳ ಸರಿಯಾಗಿ ಕೈಗೆ ಬರಬೇಕಾದರೆ ತೆರಿಗೆ ಗುರುತಿನ ಸಂಖ್ಯೆ ಬೇಕು. ಆ ಸಂಖ್ಯೆ ಬರಬೇಕಾದರೆ ಸರ್ಕಾರಿ ಕಚೇರಿಯಲ್ಲಿ ವಿಳಾಸ ನೋಂದಾಯಿಸಿರಬೇಕು. ವಿಳಾಸ ನೋಂದಾಯಿಸಬೇಕಾದರೆ ಮನೆ ಬೇಕು! ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಒಡೆಯಲೇಬೇಕು. ಅದನ್ನು ಒಡೆಯುವುದು ತಾತ್ಕಾಲಿಕ ಮನೆ. ಆದ್ದರಿಂದ ಮೊದಲ ಮೂರು ತಿಂಗಳ ಮನೆಯನ್ನು ಮಲಗಲು ಒಂದು ಜಾಗ ಎಂದು ನೋಡಬೇಡಿ, ವಿಳಾಸ ಎಂದು ನೋಡಿ. ಬಾಡಿಗೆ, ಬಡಾವಣೆ, ಬಾಲ್ಕನಿ ಎಲ್ಲ ಆಮೇಲಿನ ಮಾತು. ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಇಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದೇ?

ಆನ್‌ಮೆಲ್ಡುಂಗ್ ಎಂದರೆ ವಿಳಾಸದ ನೋಂದಣಿ. ಜರ್ಮನಿಯ ಕಾನೂನಿನ ಪ್ರಕಾರ ಮನೆ ಹೊಕ್ಕ ಎರಡು ವಾರದೊಳಗೆ ಬ್ಯುರ್ಗರ್‌ಆಮ್ಟ್ ಎಂಬ ನಾಗರಿಕ ಸೇವಾ ಕಚೇರಿಯಲ್ಲಿ ಇದನ್ನು ಮಾಡಿಸಬೇಕು. ತಪ್ಪಿಸಿದರೆ 1,000 ಯೂರೋವರೆಗೆ ದಂಡ ಹಾಕಬಹುದು. 2015ರ ನವೆಂಬರ್‌ನಿಂದ ಬರೀ ಬಾಡಿಗೆ ಕರಾರು ತೋರಿಸಿದರೆ ಸಾಲದು, ಇವರು ಇಂಥ ದಿನ ನಮ್ಮ ಮನೆಗೆ ಬಂದರೆಂದು ಮನೆ ಕೊಟ್ಟವರು ಸಹಿ ಹಾಕಿದ ಪ್ರತ್ಯೇಕ ಪತ್ರವೂ ಬೇಕು. ಬರ್ಲಿನ್‌ನ ಹನ್ನೆರಡು ಜಿಲ್ಲೆಗಳಲ್ಲಿ ಯಾವ ಜಿಲ್ಲೆಯ ಕಚೇರಿಗೆ ಬೇಕಾದರೂ ಹೋಗಬಹುದು. ಆದರೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ನಡುಪಟ್ಟಣದ ಕಚೇರಿಗೇ ಪಟ್ಟು ಹಿಡಿಯದೆ ಸ್ಪಾಂಡಾವೋ, ಮಾರ್ತ್ಸಾನೋ, ಯಾವ ಮೂಲೆಯಲ್ಲಿ ಸಿಕ್ಕಿದರೂ ಹಿಡಿದುಬಿಡಿ. ಬೆಳಿಗ್ಗೆ ಬೇಗ ವೆಬ್‌ಸೈಟ್ ತೆರೆದು ನೋಡಿದರೆ ರದ್ದಾದ ಸಮಯಗಳು ಸಿಗುವುದುಂಟು.

ನೋಂದಣಿಯಾದ ಕೆಲವು ವಾರಗಳಲ್ಲಿ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಮನೆಗೆ ಬರುತ್ತದೆ. ಅದನ್ನು ಕಂಪನಿಗೆ ಕೊಡದೆ ದಿನ ದೂಡುತ್ತಾ ಹೋದರೆ ಸಂಬಳದಿಂದ ಆರನೇ ವರ್ಗದ ತೆರಿಗೆ, ಅಂದರೆ ಎಲ್ಲಕ್ಕಿಂತ ಹೆಚ್ಚಿನದು, ಮುರಿದುಕೊಳ್ಳುವ ಪ್ರಸಂಗ ಬರಬಹುದು. ಆಮೇಲೆ ಹಿಂದಿರುಗುತ್ತದೆ ನಿಜ, ಆದರೆ ಹೊಸ ಊರಿನಲ್ಲಿ ಮೊದಲ ತಿಂಗಳ ಹಣ ಎಷ್ಟು ಬೆಲೆಬಾಳುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಇಲ್ಲಿ ಅಂಚೆಯ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬರ್ಲಿನ್‌ನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಬೀದಿ, ಕಟ್ಟಡದ ಸಂಖ್ಯೆ, ಅಷ್ಟೇ. ಮುಂದಿನ ಕಟ್ಟಡ, ಪಕ್ಕದ ಭಾಗ, ಅಂಗಳ ದಾಟಿದರೆ ಹಿಂದಿನ ಕಟ್ಟಡ, ಇಷ್ಟೂ ಮನೆಗಳ ಟಪಾಲು ಡಬ್ಬಿಗಳು ಬಾಗಿಲ ಹತ್ತಿರ ಒಂದೇ ಗೋಡೆಯ ಮೇಲೆ ಇರುತ್ತವೆ. ಅಂಚೆಯವರು ನೋಡುವುದು ಡಬ್ಬಿಯ ಮೇಲಿನ ಹೆಸರನ್ನು ಮಾತ್ರ. ನನಗೆ ಪರಿಚಯದ ಹಾಸನದ ಕಡೆಯ ಹುಡುಗನೊಬ್ಬ ಮೋಆಬಿಟ್‌ನ ಇಂಥ ಹಿಂದಿನ ಕಟ್ಟಡದಲ್ಲಿ ಕೋಣೆ ಹಿಡಿದಿದ್ದ. ನೋಂದಣಿ ಆಗಿತ್ತು, ಎಲ್ಲ ಸರಿ ಇತ್ತು, ಕಾಗದ ಮಾತ್ರ ಬರಲಿಲ್ಲ. ಡಬ್ಬಿಯ ಮೇಲೆ ಮಾಲೀಕರ ಹೆಸರಿತ್ತೇ ಹೊರತು ಇವನದಿರಲಿಲ್ಲ. ಬ್ಯಾಂಕ್ ಕಾರ್ಡು, ತೆರಿಗೆ ಸಂಖ್ಯೆ, ಆರೋಗ್ಯ ವಿಮೆಯ ಪತ್ರ ಒಂದೊಂದಾಗಿ ವಾಪಸ್ಸು ಹೋದವು. ಆಮೇಲೆ ಒಂದು ಚೀಟಿಯಲ್ಲಿ ಹೆಸರು ಬರೆದು, ಟೇಪು ಹಚ್ಚಿ, ಡಬ್ಬಿಗೊಂದು ಬೆಲ್ಲಿಗೊಂದು ಅಂಟಿಸಿದ ಮೇಲೆ ಟಪಾಲು ಬರತೊಡಗಿತು. ನಮ್ಮವರಿಗೆ ಇದರಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ಲಿನಲ್ಲಿರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿಕೊಂಡು ಮನೆತನದ ಹೆಸರಿನ ಜಾಗದಲ್ಲಿ ಕೂತಿರುತ್ತದೆ. ಡಬ್ಬಿಯ ಮೇಲೆ ಇರಬೇಕಾದದ್ದು ಆ ಹೆಸರು, ಮನೆಯಲ್ಲಿ ಕರೆಯುವ ಹೆಸರಲ್ಲ.

ಎಷ್ಟೋ ಕಡೆ ನೋಂದಣಿಗೆ ಒಪ್ಪುವುದೇ ಇಲ್ಲ. ಅದಕ್ಕೂ ಕಾರಣವಿದೆ. ಬಾಡಿಗೆಗಿರುವವರೇ ತಮ್ಮ ಮನೆಯನ್ನು ಅಥವಾ ಒಂದು ಕೋಣೆಯನ್ನು ಕೆಲವು ತಿಂಗಳು ಇನ್ನೊಬ್ಬರಿಗೆ ಕೊಡುವುದು ಬರ್ಲಿನ್‌ನಲ್ಲಿ ತೀರ ಸಾಮಾನ್ಯ. ಹಾಗೆ ಒಳಬಾಡಿಗೆ ಕೊಡಲು ಮಾಲೀಕರ ಅನುಮತಿ ಬೇಕು. ಅನುಮತಿ ಪಡೆಯದೆ ಕೊಟ್ಟವರು ನಿಮ್ಮ ಹೆಸರು ಸರ್ಕಾರಿ ದಾಖಲೆಗೆ ಹೋಗುವುದನ್ನು ಇಷ್ಟಪಡುವುದಿಲ್ಲ. ಹೀಗಾಗಿ, ಬಾಡಿಗೆ ಎಷ್ಟೇ ಕಡಿಮೆಯಿರಲಿ, ‘ನೋಂದಣಿ ಇಲ್ಲ’ ಎಂದ ಮನೆಯನ್ನು ಹೊಸಬರು ಬಿಟ್ಟುಬಿಡುವುದೇ ಕ್ಷೇಮ. ದುಡ್ಡು ಕೊಟ್ಟರೆ ಬರೀ ವಿಳಾಸ ಒದಗಿಸುತ್ತೇವೆ ಎನ್ನುವವರ ಹತ್ತಿರವಂತೂ ಸುಳಿಯಬೇಡಿ. ವಾಸವಿಲ್ಲದ ಜಾಗಕ್ಕೆ ನೋಂದಣಿ ಮಾಡಿಸಿಕೊಡುವುದು ಅಪರಾಧ, ಅದಕ್ಕೆ 50,000 ಯೂರೋವರೆಗೂ ದಂಡವಿದೆ.

ಹಾಗಾದರೆ ಎಲ್ಲಿ ಇರಬೇಕು? ಕಂಪನಿಯೇ ಮೊದಲ ತಿಂಗಳ ಸರ್ವಿಸ್ಡ್ ಅಪಾರ್ಟ್‌ಮೆಂಟ್ ಕೊಡುತ್ತದೆಂದರೆ ತೆಗೆದುಕೊಳ್ಳಿ, ಆದರೆ ಅಲ್ಲಿ ನೋಂದಣಿ ಆಗುತ್ತದೋ ಎಂದು ಎಚ್‌ಆರ್ ಹತ್ತಿರ ಬರಹದಲ್ಲಿ ಕೇಳಿ. ಹೋಟೆಲು, ಹಾಸ್ಟೆಲು ಕೆಲವು ದಿನಕ್ಕೆ ಸರಿ. ರಜೆಗೆ ಬರುವವರಿಗೆ ಇಡೀ ಮನೆ ಕೊಡುವುದನ್ನು ಬರ್ಲಿನ್ ಆಡಳಿತ 2014ರಿಂದ ಬಿಗಿಯಾಗಿ ನಿಯಂತ್ರಿಸುತ್ತಿದೆ, ಅವುಗಳನ್ನು ನೆಚ್ಚಿಕೊಳ್ಳಬೇಡಿ. ಉಳಿದದ್ದು ಎರಡು ದಾರಿ. ಒಂಟಿಯಾಗಿ ಬರುವವರಿಗೆ ನಾನು ಹೇಳುವುದು ವೇಗೇ, ಅಂದರೆ ಮೂರ್ನಾಲ್ಕು ಜನ ಹಂಚಿಕೊಂಡಿರುವ ಮನೆಯಲ್ಲಿ ಒಂದು ಕೋಣೆ. ವೇಗೇ-ಗೆಜೂಖ್ಟ್ ಎಂಬ ಜಾಲತಾಣದಲ್ಲಿ ಹುಡುಕುವುದು ರೂಢಿ. ಬೆಂಗಳೂರಿನ ಪಿಜಿಯಂತೆ ಇಲ್ಲಿ ದುಡ್ಡು ಕಟ್ಟಿದೊಡನೆ ಮಂಚ ಸಿಗುವುದಿಲ್ಲ. ಮನೆಯಲ್ಲಿರುವವರು ನಿಮ್ಮೊಡನೆ ಮಾತಾಡಿ, ಜೊತೆಗೆ ಬದುಕಬಹುದೋ ಎಂದು ನೋಡಿ ಆರಿಸುತ್ತಾರೆ. ಆದ್ದರಿಂದ ನಕಲು ಮಾಡಿದ ಅರ್ಜಿ ಕಳಿಸಬೇಡಿ. ನೀವು ಯಾರು, ಏನು ಅಡುಗೆ ಮಾಡುತ್ತೀರಿ, ಭಾನುವಾರ ಏನು ಮಾಡುತ್ತೀರಿ ಎಂದು ನಾಲ್ಕು ಸಾಲು ಮನಸ್ಸಿಟ್ಟು ಬರೆಯಿರಿ. ಮಾತಾಡಲು ಜನ, ಯಾವ ಕಸ ಯಾವ ಡಬ್ಬಿಗೆ ಎಂದು ಹೇಳಿಕೊಡುವವರು, ಜರ್ಮನ್ ಕಾಗದ ಬಂದರೆ ಓದಿ ಹೇಳುವವರು ಮನೆಯೊಳಗೇ ಇರುತ್ತಾರೆ. ಮೊದಲ ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

ಇನ್ನೊಂದು ದಾರಿ ಪೀಠೋಪಕರಣ ಸಮೇತ ಮನೆ. ವುಂಡರ್‌ಫ್ಲ್ಯಾಟ್ಸ್‌ನಂಥ ತಾಣಗಳಲ್ಲಿ ಇವು ಬೇಕಾದಷ್ಟಿವೆ, ಬಾಡಿಗೆ ಜಾಸ್ತಿ. 2015ರಲ್ಲಿ ಬರ್ಲಿನ್ ಬಾಡಿಗೆಗೆ ಕಡಿವಾಣ ಹಾಕಿತು. ಹೊಸ ಕರಾರಿನ ಬಾಡಿಗೆ ಆ ಪ್ರದೇಶದ ಸರಾಸರಿಗಿಂತ ಶೇಕಡಾ ಹತ್ತಕ್ಕಿಂತ ಹೆಚ್ಚಿರಬಾರದು. ತಾತ್ಕಾಲಿಕ ಬಾಡಿಗೆಗೆ ಈ ನಿಯಮ ಹಿಡಿಯುವುದಿಲ್ಲ, ಆ ಕಿಂಡಿಯಲ್ಲೇ ಈ ವ್ಯಾಪಾರ ಬೆಳೆದದ್ದು. ಇದು ನ್ಯಾಯವಲ್ಲ, ಊರಿನವರಿಗೂ ಇದರ ಮೇಲೆ ಸಿಟ್ಟಿದೆ. ಆದರೂ ಕುಟುಂಬ ಸಮೇತ ಬರುವವರಿಗೆ ಬೇರೆ ಉಪಾಯ ಕಡಿಮೆ. ಬಾಡಿಗೆ ನೋಡುವಾಗ ‘ವಾರ್ಮ್’ ಮೊತ್ತವನ್ನೇ ನೋಡಿ. ‘ಕಾಲ್ಟ್’ ಎಂದಿದ್ದರೆ ಹೀಟಿಂಗು, ನೀರು ಸೇರಿಲ್ಲ. ಕರೆಂಟು, ಇಂಟರ್‌ನೆಟ್ ಸೇರಿದೆಯೋ ಪ್ರತ್ಯೇಕ ಕೇಳಿ. ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕವಿದೆ, ಟಿವಿ ಇಲ್ಲದಿದ್ದರೂ ಕಟ್ಟಬೇಕು. ಹಂಚಿಕೊಂಡ ಮನೆಯಲ್ಲಿ ಒಬ್ಬರು ಕಟ್ಟುತ್ತಿದ್ದರೆ ಸಾಕು, ಅವರ ಸಂಖ್ಯೆ ಪಡೆದಿಟ್ಟುಕೊಳ್ಳಿ.

ಅಡುಗೆಮನೆಯ ಫೋಟೋ ನೋಡದೆ ಒಪ್ಪಬೇಡಿ. ಒಲೆ ಇಂಡಕ್ಷನ್ ಆಗಿದ್ದರೆ ಊರಿಂದ ಹೊತ್ತು ತಂದ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯೇ ಆಗುವುದಿಲ್ಲ. ಒಂದೇ ಕೋಣೆಯ ಸ್ಟುಡಿಯೋದಲ್ಲಿ ಒಲೆ ಮಂಚದ ಪಕ್ಕದಲ್ಲೇ ಇರುತ್ತದೆ, ಒಗ್ಗರಣೆ ಹಾಕಿದರೆ ಹೊದಿಕೆಗೂ ವಾಸನೆ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದಿರುವುದೇ ಹೆಚ್ಚು, ನಾಲ್ಕನೇ ಮಹಡಿ ಎಂದರೆ ಎರಡು ದೊಡ್ಡ ಸೂಟ್‌ಕೇಸ್ ಹೊತ್ತು ಹತ್ತುವುದೇ. ಕೀಲಿಯನ್ನು ಜೋಪಾನ ಮಾಡಿ. ಹಲವು ಕಟ್ಟಡಗಳಲ್ಲಿ ಬೀದಿ ಬಾಗಿಲಿಗೂ ಮನೆಗೂ ಸೇರಿ ಒಂದೇ ಬೀಗದ ವ್ಯವಸ್ಥೆ. ಒಂದು ಕೀಲಿ ಕಳೆದರೆ ಇಡೀ ಕಟ್ಟಡದ ಬೀಗ ಬದಲಿಸುವ ಖರ್ಚು ನಿಮ್ಮ ತಲೆಗೆ ಬರಬಹುದು. ಹಾಫ್ಟ್‌ಪ್ಲಿಖ್ಟ್ ಎಂಬ ಹೊಣೆಗಾರಿಕೆ ವಿಮೆಯನ್ನು ಮೊದಲ ವಾರವೇ ಮಾಡಿಸಿ, ಕೀಲಿ ಕಳೆದದ್ದೂ ಅದರಲ್ಲಿ ಸೇರಿದೆಯೋ ನೋಡಿ.

ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಪಳಗಿದ ಬೆಂಗಳೂರಿನವರಿಗೆ ಇಲ್ಲಿನ ಮೂರು ತಿಂಗಳ ಠೇವಣಿ ಕಡಿಮೆ ಎನಿಸುತ್ತದೆ. ವಂಚಕರಿಗೆ ಅನುಕೂಲವಾಗುವುದು ಇದೇ. ಜಾಹೀರಾತಿನಲ್ಲಿ ಮನೆ ಚೆನ್ನಾಗಿರುತ್ತದೆ, ಬಾಡಿಗೆ ಅರ್ಧಕ್ಕರ್ಧ, ಮಾಲೀಕರು ‘ಸದ್ಯಕ್ಕೆ ಬೇರೆ ದೇಶದಲ್ಲಿದ್ದಾರೆ’, ಠೇವಣಿ ಕಳಿಸಿದರೆ ಕೀಲಿ ಕೊರಿಯರ್‌ನಲ್ಲಿ ಬರುತ್ತದಂತೆ. ಕೀಲಿ ಬರುವುದಿಲ್ಲ. ಕಾನೂನಿನಲ್ಲಿ ಠೇವಣಿ ಮೂರು ತಿಂಗಳ ಕಾಲ್ಟ್ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ, ಮೊದಲ ಕಂತು ಬಾಡಿಗೆ ಶುರುವಾದಾಗ. ಮನೆ ನೋಡುವ ಮೊದಲೇ ಪೂರ್ತಿ ಕೊಡು ಎಂದವರಿಗೆ ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸಬೇಡಿ. ಊರಲ್ಲಿ ಯಾರಾದರೂ ಕನ್ನಡದವರು ಸಿಕ್ಕಿದರೆ ಒಮ್ಮೆ ಹೋಗಿ ನೋಡಿಬರಲು ಕೇಳಿ. ಸಂಕೋಚಪಡಬೇಡಿ, ನಾವೆಲ್ಲ ಹಾಗೆಯೇ ಬಂದವರು.

ಜಾಗದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನಗರವನ್ನು ಸುತ್ತುವ 37 ಕಿಲೋಮೀಟರ್‌ನ ರಿಂಗ್‌ಬಾನ್ ರೈಲು ಸುಮಾರು ಒಂದು ಗಂಟೆಯಲ್ಲಿ ಪೂರ್ತಿ ಒಂದು ಸುತ್ತು ಬರುತ್ತದೆ. ಅದರ ಯಾವುದಾದರೂ ನಿಲ್ದಾಣ ನಡಿಗೆಯ ದೂರದಲ್ಲಿದ್ದರೆ ಆಯಿತು, ವೆಡ್ಡಿಂಗ್ ಆದರೇನು, ನಾಯ್‌ಕೋಲ್ನ್ ಆದರೇನು. ಬರುವ ತಿಂಗಳು ನಿಮ್ಮ ಕೈಯಲ್ಲಿದ್ದರೆ ಸೆಪ್ಟೆಂಬರ್, ಅಕ್ಟೋಬರ್ ತಪ್ಪಿಸಿ. ಚಳಿಗಾಲದ ಸೆಮಿಸ್ಟರಿಗೆ ವಿದ್ಯಾರ್ಥಿಗಳು ಹಿಂಡುಹಿಂಡಾಗಿ ಇಳಿಯುವ ಕಾಲ ಅದು.

ಶಾಲೆಗೆ ಹೋಗುವ ಮಕ್ಕಳಿದ್ದರೆ ಮಾತ್ರ ಲೆಕ್ಕ ಬೇರೆ. ಬರ್ಲಿನ್‌ನಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ಗೊತ್ತಾಗುವುದು ನೋಂದಾಯಿಸಿದ ವಿಳಾಸದ ಮೇಲೆ. ಮೂರು ತಿಂಗಳಿಗೆಂದು ಒಂದು ಮೂಲೆಯಲ್ಲಿ ನೋಂದಾಯಿಸಿ ಆಮೇಲೆ ಇನ್ನೊಂದು ಮೂಲೆಗೆ ಹೋದರೆ, ಆಗಷ್ಟೇ ಜರ್ಮನ್‌ನಲ್ಲಿ ಒಬ್ಬ ಗೆಳೆಯನನ್ನು ಸಂಪಾದಿಸಿದ ಮಗು ಮತ್ತೆ ಮೊದಲಿನಿಂದ ಶುರುಮಾಡಬೇಕು. ಸಾಧ್ಯವಿದ್ದವರು ಒಬ್ಬರೇ ಮೊದಲು ಬನ್ನಿ. ವೇಗೇಯಲ್ಲಿ ಕೋಣೆ ಹಿಡಿದು, ಮೂರು ಸಂಬಳದ ಚೀಟಿ ಕೈಗೆ ಬಂದ ಮೇಲೆ ನೀವೂ ಆ ಮೆಟ್ಟಿಲ ಸಾಲಿನಲ್ಲಿ ಫೈಲು ಹಿಡಿದು ನಿಂತು, ಮನೆ ಗಟ್ಟಿಯಾದ ಮೇಲೆ ಹೆಂಡತಿ ಮಕ್ಕಳನ್ನೋ ಗಂಡ ಮಕ್ಕಳನ್ನೋ ಕರೆಸಿಕೊಳ್ಳಿ. ಅಷ್ಟು ತಿಂಗಳ ಅಗಲಿಕೆ ಕಷ್ಟವೇ, ಆದರೂ ಮಗುವಿಗೆ ಒಂದೇ ಶಾಲೆ ಸಿಗುತ್ತದೆ.