24 ಅಡಿ ಗೋಡೆಗೆ ಬಟ್ಟೆ ಎಷ್ಟು?

ರಂಗದ ಮೇಲೆ 24 ಅಡಿ ಉದ್ದ, 10 ಅಡಿ ಎತ್ತರದ ಒಂದು ಗೋಡೆ ನಿಲ್ಲಬೇಕು. ಕೈಯಲ್ಲಿರುವ ಕೋರಾ ಬಟ್ಟೆಯ ಪನ್ನ 44 ಇಂಚು. ಎಷ್ಟು ಮೀಟರ್ ತರಬೇಕು? ಒಬ್ಬರ ಲೆಕ್ಕಕ್ಕೆ 40 ಮೀಟರ್ ಬರುತ್ತದೆ, ಇನ್ನೊಬ್ಬರ ಲೆಕ್ಕಕ್ಕೆ 27. ಇಬ್ಬರ ಗೋಡೆಯೂ ನಿಲ್ಲುತ್ತದೆ. ನಡುವಿನ ಆ 13 ಮೀಟರ್ ಎಲ್ಲಿ ಹೋಯಿತು ಎಂದು ಹುಡುಕುವುದೇ ರಂಗವಿನ್ಯಾಸದ ಓದು.

ಊರಿನಿಂದ ಎಷ್ಟು ದೂರ

ಆ ಓದಿಗಾಗಿ, ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಕನ್ನಡದ ಮಕ್ಕಳು ರಂಗಸಜ್ಜಿಕೆ, ವೇಷಭೂಷಣ ಕಲಿಯಲು ಹೊರಟರೆ ಎದುರಿಗೆ ಕಾಣುವ ದಾರಿಗಳು ನಾಲ್ಕು.

ಹೆಗ್ಗೋಡು: 1980ರಲ್ಲಿ ಶುರುವಾದ ನೀನಾಸಂ ರಂಗಶಿಕ್ಷಣ ಕೇಂದ್ರ. ಸುಮಾರು 10 ತಿಂಗಳ ಓದು, ಪಾಠ ಕನ್ನಡದಲ್ಲಿ. ದೂರ 200 ಕಿ.ಮೀ. ಮೀರುತ್ತದೆ.

ಮೈಸೂರು: ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣ. ಅಲ್ಲಿಯೂ ಒಂದು ವರ್ಷದ ಡಿಪ್ಲೊಮಾ ಇದೆ. ಮಡಿಕೇರಿ ಮೇಲೆ ಹೋದರೆ ಇದೂ 200 ಕಿ.ಮೀ. ದಾಟುತ್ತದೆ.

ತೃಶ್ಶೂರು: ಕಲ್ಲಿಕೋಟೆ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಡ್ರಾಮಾ. ಜಿ. ಶಂಕರ ಪಿಳ್ಳೆಯವರ ಮುಂದಾಳ್ತನದಲ್ಲಿ 1977ರಲ್ಲಿ ಆರಂಭವಾಯಿತು. ರೈಲಿನಲ್ಲಿ 300 ಕಿ.ಮೀ.ಗೆ ಹತ್ತಿರ.

ದಿಲ್ಲಿ: 1959ರ ರಾಷ್ಟ್ರೀಯ ನಾಟಕ ಶಾಲೆ. 3 ವರ್ಷದ ಓದು. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ, ಆಮೇಲೆ ವಿನ್ಯಾಸದ ಕವಲು ಹಿಡಿಯಬಹುದು. ಮಂಗಳಾ ಎಕ್ಸ್‌ಪ್ರೆಸ್ ಕಾಸರಗೋಡಿನಲ್ಲೇ ಸಿಗುತ್ತದೆ, ಆದರೆ ಹಾದಿ 2,000 ಕಿ.ಮೀ.ಗೂ ಮಿಗಿಲು.

ಕೊನೆಯ ಹಾದಿಯನ್ನು ನಮ್ಮ ನೆರೆಯವರೇ ತುಳಿದು ತೋರಿಸಿದ್ದಾರೆ. ಬಂಟ್ವಾಳ ತಾಲೂಕಿನ ಮಂಚಿಯ ಬಿ.ವಿ. ಕಾರಂತರು ಆ ಶಾಲೆಯಲ್ಲಿ ಓದಿ, 1977ರಿಂದ 1981ರವರೆಗೆ ಅದರ ನಿರ್ದೇಶಕರಾಗಿದ್ದರು. ಅಲ್ಲಿಯೇ ಕಲಿತ ಪ್ರೇಮಾ ಕಾರಂತರ ದೊಡ್ಡ ದುಡಿಮೆ ವೇಷಭೂಷಣದ್ದು. ಈ ಕೆಲಸಕ್ಕೆ ಸಿನಿಮಾದಲ್ಲೂ ಬೆಲೆಯಿದೆ: ರಂಗಭೂಮಿಯಿಂದ ಬಂದ ವೈಶಾಲಿ ಕಾಸರವಳ್ಳಿಯವರಿಗೆ 1997ರ ‘ತಾಯಿ ಸಾಹೇಬ’ದ ವಸ್ತ್ರವಿನ್ಯಾಸಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು.

ಅರ್ಧ ಇಂಚಿನ ಬೆಲೆ

ಯಾವ ಶಾಲೆಗೆ ಹೋದರೂ ಮೊದಲು ಕೈಗೆ ಬರುವುದು ಅಳತೆಪಟ್ಟಿ. 1 ಅಡಿಗೆ ಅರ್ಧ ಇಂಚು ಎಂದರೆ 24ಕ್ಕೆ 1ರ ಪ್ರಮಾಣ. 30 ಅಡಿ ಅಗಲ, 24 ಅಡಿ ಆಳದ ರಂಗ 15 ಇಂಚು, 12 ಇಂಚಿನ ರಟ್ಟಿನ ಮೇಲೆ ಕೂರುತ್ತದೆ. 6 ಅಡಿಯ ನಟ 3 ಇಂಚಾಗುತ್ತಾನೆ. ಇಲ್ಲಿ ಬಾಗಿಲನ್ನು ಅರ್ಧ ಇಂಚು ಗಿಡ್ಡ ಮಾಡಿದರೆ ಅಲ್ಲಿ 1 ಅಡಿ ಗಿಡ್ಡ. ಕಿರೀಟ ತೊಟ್ಟವನು ತಲೆ ತಗ್ಗಿಸಿಯೇ ಒಳಗೆ ಬರಬೇಕು. ರಟ್ಟಿನ ಮಾದರಿಯಲ್ಲಿ ತಪ್ಪು ಸಿಕ್ಕರೆ ಖರ್ಚು ಒಂದು ಹಾಳೆ ರಟ್ಟು. ಮರ ಕೊಯ್ದ ಮೇಲೆ ಸಿಕ್ಕರೆ ಒಂದು ದಿನದ ಬಡಗಿ ಕೂಲಿ, ಜೊತೆಗೆ ಮರದ ದುಡ್ಡು.

ಒಂದೇ ಗೋಡೆ, ಮೂರು ಲೆಕ್ಕ

ಈಗ ನಮ್ಮ ಗೋಡೆಗೆ ಬರೋಣ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದ ಫ್ಲಾಟ್‌ಗಳನ್ನು ಸಾಲಾಗಿ ನಿಲ್ಲಿಸಬೇಕು. ಪ್ರತಿ ಫ್ಲಾಟಿಗೂ ಎರಡು ಉದ್ದ ಪಟ್ಟಿ, ಮೂರು ಅಡ್ಡ ಪಟ್ಟಿ. ಬಟ್ಟೆ ಮಡಚಿ ಮೊಳೆ ಹೊಡೆಯಲು ಎರಡು ಪಕ್ಕಕ್ಕೂ 4 ಇಂಚು, ಮೇಲೆ ಕೆಳಗೆ 6 ಇಂಚು ಬಿಡಬೇಕು. ಲೆಕ್ಕದ ಅನುಕೂಲಕ್ಕೆ ಬಟ್ಟೆ ಮೀಟರಿಗೆ 60 ರೂ., ಮರದ ಪಟ್ಟಿ ಅಡಿಗೆ 15 ರೂ. ಎಂದು ಹಿಡಿಯೋಣ.

ಮೊದಲನೆಯದು: 4 ಅಡಿಯ 6 ಫ್ಲಾಟ್. ಒಂದಕ್ಕೆ 56 ಇಂಚು ಅಗಲದ ಬಟ್ಟೆ ಬೇಕು, ಪನ್ನ 44. ಹಾಗಾಗಿ ಒಂದೊಂದಕ್ಕೂ 11 ಅಡಿಯ ಎರಡೆರಡು ತುಂಡು. ಬಟ್ಟೆ 40.2 ಮೀಟರ್, ಮರ 192 ಅಡಿ. ಒಟ್ಟು 5,292 ರೂ.

ಎರಡನೆಯದು: 3 ಅಡಿಯ 8 ಫ್ಲಾಟ್. 44 ಇಂಚು ಸರಿಯಾಗಿ ಕೂರುತ್ತದೆ. ಬಟ್ಟೆ 26.8 ಮೀಟರಿಗೆ ಇಳಿಯುತ್ತದೆ, ಮರ 232 ಅಡಿಗೆ ಏರುತ್ತದೆ. ಒಟ್ಟು 5,088 ರೂ. ಉಳಿದದ್ದು ಬರೀ 204. ಹೊರಲು ಎರಡು ಫ್ಲಾಟ್ ಹೆಚ್ಚು.

ಮೂರನೆಯದು: ಮತ್ತೆ 4 ಅಡಿಯ 6 ಫ್ಲಾಟೇ. ಕೊರತೆ ಇರುವುದು 12 ಇಂಚಿಗೆ ಮಾತ್ರ. ಅದಕ್ಕೆ ಇಡೀ ಪನ್ನ ಏಕೆ? 11 ಅಡಿಯ ಒಂದು ತುಂಡನ್ನು ಉದ್ದಕ್ಕೆ ಮೂರಾಗಿ ಸೀಳಿದರೆ ಒಂದೊಂದು ಪಟ್ಟಿ 14 ಇಂಚಿಗೂ ಸ್ವಲ್ಪ ಮೇಲೆ. ಹೊಲಿಗೆಗೆ 1 ಇಂಚು ಹೋದರೂ 57 ಇಂಚು ದಕ್ಕುತ್ತದೆ. 6 ಇಡೀ ತುಂಡು, ಸೀಳಲು 2 ತುಂಡು: 8 ತುಂಡಿಗೆ 26.8 ಮೀಟರ್. ಮರ 192 ಅಡಿ. ಒಟ್ಟು 4,488 ರೂ.

ಮೊದಲನೆಯದಕ್ಕೂ ಇದಕ್ಕೂ 804 ರೂ. ಅಂತರ, ಅಂದರೆ ಶೇ. 15. ಬೆಲೆ ಏರಿದರೂ ಇಳಿದರೂ ಮೀಟರು, ಅಡಿ ಬದಲಾಗುವುದಿಲ್ಲ. ಇದಕ್ಕೆ ತೆರಬೇಕಾದದ್ದು ಒಂದು: ಪಕ್ಕದಿಂದ ಬೆಳಕು ಬಿದ್ದರೆ ಆ ಹೊಲಿಗೆ ಗೆರೆಯಾಗಿ ಎದ್ದು ಕಾಣುತ್ತದೆ. ಅಲ್ಲೊಂದು ಕಂಬ ಬರೆಯಬೇಕೋ, ಬೆಳಕಿನವರ ಹತ್ತಿರ ಮಾತಾಡಬೇಕೋ ಎಂಬುದನ್ನು ಕತ್ತರಿ ಹಿಡಿಯುವ ಮೊದಲೇ ತೀರ್ಮಾನಿಸಬೇಕು.

ಸೀರೆಯ ಹದಿನಾರನೇ ಒಂದು ಪಾಲು

ವೇಷಭೂಷಣದ ಪಾಠಕ್ಕೆ ಜಿಲ್ಲೆಯೊಳಗೇ ಎರಡು ಒಳ್ಳೆಯ ಪಠ್ಯಗಳಿವೆ. ಒಂದು, ಕಾಸರಗೋಡು ಸೀರೆ. ನೇಕಾರರ ಸಹಕಾರ ಸಂಘ 1938ರದು. ಈ ಹತ್ತಿ ಸೀರೆಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದ್ದು 2010ರಲ್ಲಿ. ಸೀರೆಗೆ ಐದೂವರೆ ಮೀಟರಿನಂತೆ ಮೇಳದ 8 ಮಂದಿಗೆ ಉಡಿಸಲು 44 ಮೀಟರ್ ಬೇಕು. ಕತ್ತರಿ ಹಾಕಿ ಅಂಗಿ ಹೊಲಿದರೆ ಅದು ಆ ನಾಟಕಕ್ಕೆ, ಆ ಮೈಯ ಅಳತೆಗೆ ಮುಗಿಯಿತು. ಉಟ್ಟು ಬಿಚ್ಚಿಟ್ಟರೆ ಬಣ್ಣ ಅದ್ದಿ ಮುಂದಿನ ನಾಟಕಕ್ಕೂ ಆಗುತ್ತದೆ.

ಇನ್ನೊಂದು, ಕೆ.ವಿ. ರಮೇಶ್ ಅವರ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ, 1981ರಿಂದ. ತೆಂಕುತಿಟ್ಟು ಯಕ್ಷಗಾನದ ಚೌಕಿಯಲ್ಲಿ, ಎಂದರೆ ಬಣ್ಣದ ಮನೆಯಲ್ಲಿ, ಕಲಾವಿದ ತೊಡುವ ಕಿರೀಟ, ಭುಜಕೀರ್ತಿ, ಎದೆಪದಕ, ಡಾಬು ಎಲ್ಲ ಇಲ್ಲಿ ಮರದ ಮೈಗೆ ಬರಬೇಕು. ಆರಡಿಯ ಆಳಿಗೆ ಒಂದೂವರೆ ಅಡಿಯ ಗೊಂಬೆ ಎಂದರೆ ಉದ್ದದಲ್ಲಿ ಕಾಲು ಪಾಲು, ಬಟ್ಟೆಯಲ್ಲಿ 16ರಲ್ಲಿ ಒಂದು ಪಾಲು. 48 ಇಂಚು ಪನ್ನದ ಒಂದು ಸೀರೆಯಲ್ಲಿ ಲೆಕ್ಕಕ್ಕೆ 16 ಗೊಂಬೆ ಸೀರೆ ಸಿಗುತ್ತವೆ. ಆದರೆ 3 ಇಂಚಿನ ಅಂಚು ಮುಕ್ಕಾಲು ಇಂಚಾಗಬೇಕು. ಅದನ್ನು ಬೇರೆ ತಂದು ಹೊಲಿಯಬೇಕು. ನೂಲಿನ ದಪ್ಪ ಮಾತ್ರ ಕಿರಿದಾಗುವುದಿಲ್ಲ. ಆಳಿನ ಮೈಯಲ್ಲಿ ಇಳಿಬೀಳುವ ನೆರಿಗೆ ಗೊಂಬೆಯ ಮೈಯಲ್ಲಿ ರಟ್ಟಿನಂತೆ ನಿಲ್ಲುತ್ತದೆ. ಬಟ್ಟೆ 16ನೇ ಒಂದು ಪಾಲಾದರೂ ಸೂಜಿಯ ಕೆಲಸ ಅಷ್ಟು ಕಡಿಮೆಯಾಗುವುದಿಲ್ಲ.

ದೂರದ ಶಾಲೆಗೆ ಹೊರಡುವ ಮೊದಲು ಒಂದು ರಾತ್ರಿ ಆಟಕ್ಕೆ ಹೋದಾಗ ಚೌಕಿಯಲ್ಲಿ ಅಳತೆಪಟ್ಟಿ ಹಿಡಿದು ಕೂತರೆ ಓದಿನ ಅರ್ಧ ಪ್ರಶ್ನೆಗಳು ಅಲ್ಲೇ ಎದ್ದಾವು.

ಕೊನೆಗೊಂದು ಕೂಡಿಸುವ ಲೆಕ್ಕ. ಗೋಡೆಯಲ್ಲಿ ಉಳಿದ 13.4 ಮೀಟರ್ ಕೋರಾಕ್ಕೆ ಬಣ್ಣ ಹಾಕಿಸಿದರೆ ಮೇಳದ ಇಬ್ಬರಿಗೆ ಐದೂವರೆ ಮೀಟರಿನ ಸೀರೆಯಾಗುತ್ತದೆ. ಮತ್ತೂ 2.4 ಮೀಟರ್ ಮಿಗುತ್ತದೆ. ಇಬ್ಬರ ರವಿಕೆಗೆ ಅದು ಸಾಕು.